ಸಿಗ್ನಲ್‌ನಲ್ಲಿ ನಿಂತಾಗ ಹಳೇ ಕಾರು ನಡುಗುವುದೇಕೆ?

ಓಡುವಾಗ ಏನೂ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ನಿಲ್ಲಿಸಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ, ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತದೆ, ಒಮ್ಮೊಮ್ಮೆ ಎಂಜಿನ್ ಆಫ್ ಆಗಿಯೇ ಬಿಡುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಬಹಳ ಜನ ಸ್ಕ್ರೂ ತಿರುಗಿಸಿ ಐಡ್ಲಿಂಗ್, ಅಂದರೆ ನಿಂತಲ್ಲಿ ಎಂಜಿನ್ ತಿರುಗುವ ವೇಗ, ಜಾಸ್ತಿ ಮಾಡಿಸಿಕೊಂಡು ಬಂದುಬಿಡುತ್ತಾರೆ. ನಡುಕ ಕಡಿಮೆಯಾಗುತ್ತದೆ, ಆದರೆ ಕಾಯಿಲೆ ಹಾಗೇ ಇರುತ್ತದೆ. ಮೇಲೆ ಪೆಟ್ರೋಲ್ ಖರ್ಚು ಬೇರೆ. ಅದಕ್ಕಿಂತ, ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಗಮನಿಸುವುದು ಮೇಲು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

1983ರ ಕೊನೆಯಲ್ಲಿ ಬಂದ ಈ ಕಾರಿನದು 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ನಿಂತಲ್ಲಿ ಅದು ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 15. ಎರಡು ಸುತ್ತಿಗೆ ಒಂದು ಸಲ ಪ್ರತಿ ಸಿಲಿಂಡರಿನಲ್ಲೂ ಪೆಟ್ರೋಲ್ ಉರಿಯಬೇಕು. ಹಾಗಾಗಿ ಒಂದೊಂದರಲ್ಲಿ ಸೆಕೆಂಡಿಗೆ ಏಳೂವರೆ ಸಲ, ಮೂರೂ ಸೇರಿ ಇಪ್ಪತ್ತೆರಡೂವರೆ ಸಲ ಎಂಜಿನ್ನಿಗೆ ತಳ್ಳು ಸಿಗುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಆದರೆ, ಅಂದರೆ ಅದರಲ್ಲಿ ಪೆಟ್ರೋಲ್ ಉರಿಯದಿದ್ದರೆ, ಮೂರನೇ ಒಂದು ಭಾಗ ಶಕ್ತಿ ಹೋಯಿತು. ಸೆಕೆಂಡಿಗೆ ಏಳೆಂಟು ಸಲ ಎಂಜಿನ್ ಮುಗ್ಗರಿಸುತ್ತದೆ, ಅದು ಸೀಟಿನವರೆಗೂ ಗೊತ್ತಾಗುತ್ತದೆ. ವೇಗ ಹೆಚ್ಚಿದಾಗ ತಳ್ಳುಗಳ ನಡುವಿನ ಬಿಡುವು ಕಡಿಮೆ, ಫ್ಲೈವೀಲ್ ಎಂಬ ಭಾರದ ಚಕ್ರದ ಓಟವೂ ಜೋರು. ಹಾಗಾಗಿ ಅದೇ ದೋಷ ಮುಚ್ಚಿಹೋಗುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಹುಟ್ಟಿನಿಂದಲೇ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಐಡ್ಲಿಂಗ್‌ನಲ್ಲಿ ಎಂಜಿನ್ನಿನ ಸ್ಥಿತಿ ಬಹಳ ನಾಜೂಕು. ಗಾಳಿಯನ್ನು ಒಳಗೆ ಬಿಡುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗೆ ಬರುವ ಗಾಳಿ ತೀರ ಸ್ವಲ್ಪ. ಹಿಂದಿನ ಸುತ್ತಿನ ಹೊಗೆಯೂ ಸಿಲಿಂಡರಿನಲ್ಲಿ ಒಂದಿಷ್ಟು ಉಳಿದು ಮಿಶ್ರಣವನ್ನು ಕೆಡಿಸುತ್ತದೆ. ಎಲ್ಲವೂ ಸರಿಯಿದ್ದರೂ ಕಿಡಿ ಹತ್ತುವುದು ಅಷ್ಟು ಸುಲಭವಲ್ಲ. ಇದರ ಮೇಲೆ ಇನ್ನೊಂದು ಸಣ್ಣ ಕೊರತೆ ಬಂದರೆ ಸಾಕು.

ಆ ಕೊರತೆ ಅನೇಕ ಸಲ ಕಳ್ಳಗಾಳಿ. ಥ್ರಾಟಲ್ ಮುಚ್ಚಿದಾಗ ಅದರಾಚೆ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಜೋರಾದ ನಿರ್ವಾತ ಇರುತ್ತದೆ. ಬಿರುಕು ಬಿಟ್ಟ ರಬ್ಬರ್ ಪೈಪು, ಕಾರ್ಬುರೇಟರ್ ಕೆಳಗಿನ ಸವೆದ ಗ್ಯಾಸ್ಕೆಟ್, ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪು, ಎಲ್ಲಿ ತೂತಿದ್ದರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಆ ಗಾಳಿಗೆ ಲೆಕ್ಕದ ಪೆಟ್ರೋಲ್ ಸೇರಿರುವುದಿಲ್ಲ. ಒಂದು ಲೋಟ ಮಜ್ಜಿಗೆಗೆ ಅರ್ಧ ಲೋಟ ನೀರು ಬೆರೆಸಿದರೆ ಸಪ್ಪೆಯಾಗುತ್ತದೆ, ಒಂದು ಕೊಡ ಮಜ್ಜಿಗೆಗೆ ಅಷ್ಟೇ ನೀರು ಬಿದ್ದರೆ ಗೊತ್ತೇ ಆಗುವುದಿಲ್ಲ, ಅಲ್ವಾ? ಆಕ್ಸಿಲರೇಟರ್ ಒತ್ತಿದಾಗ ಗಾಳಿ ಕೊಡಗಟ್ಟಲೆ ಬರುತ್ತದೆ, ತೂತು ಅಷ್ಟೇ ಇರುತ್ತದೆ. ಹಾಗಾಗಿ ನಿಂತಾಗ ನಡುಗಿ, ಸ್ವಲ್ಪ ಒತ್ತಿದ ಕೂಡಲೇ ನೆಟ್ಟಗಾದರೆ ಮೊದಲ ಅನುಮಾನ ಪೈಪುಗಳ ಮೇಲೆ. ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಜೋಡಣೆಗಳ ಸುತ್ತ ಆಡಿಸಿದರೆ ಸುಯ್ ಎನ್ನುವ ಸದ್ದು ಕೇಳಬಹುದು. ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿರಿ. ನಿರ್ವಾತದ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡುವುದೂ ಒಳ್ಳೆಯದು. ಯಾವುದನ್ನು ಹಿಸುಕಿದಾಗ ಎಂಜಿನ್ ನೆಟ್ಟಗಾಗುತ್ತದೋ ಅದರ ದಾರಿಯಲ್ಲೇ ತೂತಿದೆ. ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಪರೀಕ್ಷೆ ಮಾಡುತ್ತಾರೆ. ದಯವಿಟ್ಟು ಬೇಡ, ಬೆಂಕಿ ಹತ್ತುತ್ತದೆ.

ಒಂದೇ ಲಯದಲ್ಲಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ವೇಗ ಹೆಚ್ಚಿಸಿದರೂ ಪೂರ್ತಿ ಹೋಗದಿದ್ದರೆ, ಅದು ಒಂದೇ ಸಿಲಿಂಡರಿನ ತೊಂದರೆ. ಯಾವುದು ಅಂತ ಹುಡುಕಲು ಎಂಜಿನ್ ಆಫ್ ಮಾಡಿ ಕಿಡಿ ಹಾರಿಸುವ ಒಂದು ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಚ್ಚಬೇಕು. ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್ನಿಗೆ ತಾಗುವಂತಿಟ್ಟು ಸ್ಟಾರ್ಟ್ ಮಾಡಬೇಕು. ಆಗ ಕೈ ಹಾಕಬಾರದು, ಅಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ನಡುಕ ಇನ್ನೂ ಹೆಚ್ಚಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ತಪ್ಪಿತಸ್ಥ ಅದೇ. ಇನ್ನು ಅದರ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಆಯಿಲ್ ಜಿಡ್ಡು ಇದ್ದರೆ ಪಿಸ್ಟನ್ನಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಅದರೊಳಗಿನ ಪಾಯಿಂಟ್ ಇವೆಲ್ಲ ಚೆನ್ನಾಗಿದ್ದೂ ಮಿಸ್ಸಿಂಗ್ ಹೋಗದಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ವಾಲ್ವ್ ಸಂದು ತೀರ ಬಿಗಿಯಾಗಿದ್ದರೆ ಎಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಇದು ಬರೀ ಅಡ್ಜಸ್ಟ್ ಮಾಡಿದರೆ ಹೋಗುವ ತೊಂದರೆ. ಅದಕ್ಕೇ ಎಂಜಿನ್ ಬಿಚ್ಚಿಸುವ ಮೊದಲು ಇದನ್ನು ಕೇಳಿ ನೋಡಿಸಬೇಕು.

ಕಾರ್ಬುರೇಟರಿನಲ್ಲಿ ಐಡ್ಲಿಂಗ್‌ಗೆ ಬೇರೆಯೇ ಸಣ್ಣ ದಾರಿ ಇದೆ. ಕೂದಲೆಳೆಯಷ್ಟು ಕಸ ಸಾಕು ಅದನ್ನು ಕಟ್ಟಲು. ಆಗ ಓಡುವಾಗ ಚೆಂದ, ಕಾಲು ತೆಗೆದ ಕೂಡಲೇ ಆಫ್. ಆ ದಾರಿಯಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆಯುವುದೇ ಸರಿ. ನಂತರ ಬಂದ, ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಕಾರುಗಳಲ್ಲಿ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್‌ಗೆ ಕಟ್ಟಿದ ಮಸಿ ಇದೇ ಕಾಟ ಕೊಡುತ್ತದೆ. ಅವುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಹಾಕುವ ಬಗೆಯ ಎಂಜಿನ್ನಿಗೆ ಕಳ್ಳಗಾಳಿ ನುಗ್ಗಿದರೆ ನಡುಕಕ್ಕಿಂತ ಹೆಚ್ಚಾಗಿ ಐಡ್ಲಿಂಗ್ ಏರುತ್ತದೆ. ಏಕೆಂದರೆ ಕಂಪ್ಯೂಟರ್ ಆ ಗಾಳಿಗೂ ಪೆಟ್ರೋಲ್ ಸೇರಿಸಿಬಿಡುತ್ತದೆ.

ಹಳೇ ಕಾರಿನವರು ಈಗ ಪೆಟ್ರೋಲಿನ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ, ಅದರ ಜೆಟ್ ಹಳೆಯ ಅಳತೆಯಲ್ಲೇ ಹಾಕುತ್ತದೆ. ಮಿಶ್ರಣ ತೆಳುವಾಗುತ್ತದೆ. ಎಥನಾಲ್ ಹಳೇ ರಬ್ಬರನ್ನೂ ಹಾಳುಮಾಡಬಲ್ಲದು, ಪೆಟ್ರೋಲ್ ಪೈಪುಗಳನ್ನು ಬದಲಾಯಿಸುವುದಾದರೆ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ಹಾಕಿಸಿ.

ಸ್ಕ್ರೂ ಮುಟ್ಟುವುದು ಇಷ್ಟೆಲ್ಲ ಆದ ಮೇಲೆ. ಎಂಜಿನ್ ಚೆನ್ನಾಗಿ ಕಾಯಲಿ, ಚೋಕ್ ಪೂರ್ತಿ ತೆರೆದಿರಲಿ, ಎಸಿ ಇದ್ದರೆ ಆಫ್ ಇರಲಿ. ಮೊದಲು ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸಿ ಎಂಜಿನ್ ಎಲ್ಲಿ ಸಲೀಸಾಗಿ, ಜೋರಾಗಿ ತಿರುಗುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಐಡ್ಲಿಂಗ್ ಸ್ಕ್ರೂ ಹಿಂದೆ ತಿರುಗಿಸಿ 900ರ ಹತ್ತಿರಕ್ಕೆ ಇಳಿಸಿ. ಅಷ್ಟಾದರೂ ಹೊರಗೆ ಎಂಜಿನ್ ಸದ್ದು ಒಂದೇ ಸಮ ಇದ್ದು, ಒಳಗೆ ಸೀಟು ಮಾತ್ರ ನಡುಗುತ್ತಿದ್ದರೆ ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್‌ನ ರಬ್ಬರ್ ಗಟ್ಟಿಯಾಗಿರಬಹುದು. ಅದನ್ನು ಬದಲಾಯಿಸಿದರೆ ಆಯಿತು.