ಲೋಡ್ ಡ್ರೈವರ್: ಫರ್ಮ್‌ವೇರ್‌ಗೆ ಕಂಡ ಡಿಸ್ಕ್ ಸೆಟಪ್‌ಗೆ ಏಕೆ ಕಾಣುವುದಿಲ್ಲ?

ವಿಂಡೋಸ್ ಇನ್‌ಸ್ಟಾಲ್ ಮಾಡುವ ಸೆಟಪ್‌ನಲ್ಲಿ ‘ಲೋಡ್ ಡ್ರೈವರ್’ ಎಂಬ ಗುಂಡಿಯಿದೆ. ಆ ಹೆಸರಿನಲ್ಲಿ ಎರಡು ಪದಗಳಿವೆ, ಎರಡೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಡ್ರೈವರ್ ಎಂದರೆ ಚಾಲಕ ಎಂದು ಅನುವಾದಿಸುವುದುಂಟು. ಆದರೆ ಇಲ್ಲಿನ ಡ್ರೈವರ್ ಏನನ್ನೂ ಓಡಿಸುವುದಿಲ್ಲ. ದುಭಾಷಿಯ ಕೆಲಸ ಮಾಡುತ್ತದೆ. ಇಂಥ ಬ್ಲಾಕಿನಿಂದ ಇಷ್ಟು ದತ್ತಾಂಶ ಓದು ಎಂದು ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಒಂದು ನಿರ್ದಿಷ್ಟ ಚಿಪ್‌ಗೆ ತಿಳಿಯುವ ಆಜ್ಞೆಯಾಗಿಸಿ, ಚಿಪ್ ಕೊಟ್ಟ ಉತ್ತರವನ್ನು ಮರಳಿ ತಂದೊಪ್ಪಿಸುತ್ತದೆ. ಲೋಡ್ ಎಂಬುದೂ ಹಾಗೆಯೇ. ಗುಂಡಿ ಒತ್ತಿದವರು ಡ್ರೈವರ್ ಹೋಗಿ ಡಿಸ್ಕಿನ ಮೇಲೆ ಕೂತಿತು ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ಡಿಸ್ಕೇ ಕಾಣುತ್ತಿಲ್ಲ, ಕೂರುವುದೆಲ್ಲಿ? ಅದು ಕೂರುವುದು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಓಡುತ್ತಿರುವ ಸೆಟಪ್‌ನೊಳಗೆ.

ಈ ಪದ ಎದುರಾಗುವ ಜಾಗ ಹೆಚ್ಚುಕಡಿಮೆ ಒಂದೇ. ವಿಂಡೋಸ್ ಸರ್ವರ್ ಸೆಟಪ್‌ನಲ್ಲಿ ಭಾಷೆ ಆರಿಸಿ, ಕೀ ಕೊಟ್ಟು, ಪರವಾನಗಿಗೆ ಒಪ್ಪಿದ ಮೇಲೆ, ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂದು ಕೇಳುವ ಪರದೆ ಬರುತ್ತದೆ. ಡಿಸ್ಕ್‌ಗಳ ಪಟ್ಟಿ ಇರಬೇಕಾದ ಚೌಕ ಖಾಲಿ. ಕೆಳಗೆ ಒಂದು ಸಾಲು: ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಪಡೆಯಲು ‘ಲೋಡ್ ಡ್ರೈವರ್’ ಒತ್ತಿ. ಮೂರು ನಿಮಿಷದ ಹಿಂದೆ ಫರ್ಮ್‌ವೇರ್ (ಯಂತ್ರದೊಳಗೇ ಇರುವ, ಚಾಲೂ ಆದ ಕೂಡಲೇ ಓಡುವ ತಂತ್ರಾಂಶ) ಪರದೆಯಲ್ಲಿ ಅದೇ ಡಿಸ್ಕನ್ನು ಗಾತ್ರಸಮೇತ ಕಣ್ಣಾರೆ ಕಂಡು ಬಂದವರಿಗೆ ಇದು ನಂಬುವ ಮಾತಲ್ಲ. ಕೇಬಲ್ ಸಡಿಲವಾಗಿದೆಯೇ, ಡಿಸ್ಕ್ ಸತ್ತಿತೇ ಎಂದು ಪೆಟ್ಟಿಗೆಯ ಮುಚ್ಚಳ ತೆಗೆಯಲು ಹೊರಡುತ್ತಾರೆ. ಬೇಕಿಲ್ಲ. ಡಿಸ್ಕ್ ಸರಿಯಾಗಿಯೇ ಇದೆ. ನೋಡುವ ಕಣ್ಣು ಬದಲಾಗಿದೆ, ಅಷ್ಟೇ.

ಯಂತ್ರ ಚಾಲೂ ಆದಾಗ ಡಿಸ್ಕ್ ನೋಡುವುದು ಫರ್ಮ್‌ವೇರ್, ಅಂದರೆ ಹಳೆಯ ಯಂತ್ರಗಳಲ್ಲಿ ಬಯೋಸ್, ಹೊಸವುಗಳಲ್ಲಿ ಯುಇಎಫ್‌ಐ. ಸರ್ವರ್‌ಗಳಲ್ಲಿ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಕೂಡಿಸುವುದು ರೇಡ್ ಕಾರ್ಡಿಗೆ, ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಂಟ್ರೋಲರ್ ಅದು. ಫರ್ಮ್‌ವೇರ್‌ಗೆ ಆ ಕಾರ್ಡಿನ ಪರಿಚಯ ಮೊದಲೇ ಇರಬೇಕಿಲ್ಲ; ಕಾರ್ಡಿನ ಮೇಲೆಯೇ ಆಪ್ಷನ್ ರೋಮ್ ಎಂಬ ಪುಟ್ಟ ಭಂಡಾರವಿರುತ್ತದೆ, ಅದರಲ್ಲಿ ತಯಾರಕರೇ ಬರೆದಿಟ್ಟ ಡ್ರೈವರ್ ಇರುತ್ತದೆ. ಅದನ್ನು ಓಡಿಸಿಕೊಂಡು ಫರ್ಮ್‌ವೇರ್ ಡಿಸ್ಕನ್ನು ಓದುತ್ತದೆ. ಹಳೆಯ ಬಯೋಸ್‌ನಲ್ಲಿ ಇಂಟರಪ್ಟ್ 13 ಎಂಬ ಬಾಗಿಲು, ಯುಇಎಫ್‌ಐನಲ್ಲಿ ಬ್ಲಾಕ್ ಐಒ ಪ್ರೋಟೋಕಾಲ್ ಎಂಬ ಬಾಗಿಲು. ಸಿಸ್ಟಮ್ಮನ್ನು ಎಬ್ಬಿಸುವ ಬೂಟ್ ಲೋಡರ್ ಈ ಎರವಲು ಕಣ್ಣಿನಿಂದಲೇ ಸಿಸ್ಟಮ್ಮಿನ ತಿರುಳಾದ ಕರ್ನಲನ್ನು ಹುಡುಕಿ ಮೆಮೊರಿಗೆ ತರುತ್ತದೆ. ಕರ್ನಲ್ ಅಧಿಕಾರ ವಹಿಸಿಕೊಂಡ ಕೂಡಲೇ ಆ ಬಾಗಿಲು ಮುಚ್ಚಿತು. ಇನ್ನು ಕಂಟ್ರೋಲರ್ ಜೊತೆ ಕರ್ನಲ್ ತಾನೇ ಮಾತನಾಡಬೇಕು, ತನ್ನದೇ ಡ್ರೈವರ್ ಮೂಲಕ. ಆ ಡ್ರೈವರ್ ಇರುವುದು ಡಿಸ್ಕಿನಲ್ಲಿ. ಡಿಸ್ಕ್ ಓದಲು ಬೇಕಾದದ್ದು ಆ ಡ್ರೈವರ್. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಈ ಗಂಟನ್ನು ಬಿಡಿಸುವ ಉಪಾಯ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಒಂದೇ ಬಗೆಯದು. ಫರ್ಮ್‌ವೇರ್‌ನ ಕಣ್ಣು ತೆರೆದಿರುವಾಗಲೇ ಬೂಟ್ ಲೋಡರ್ ಕರ್ನಲ್ ಜೊತೆಗೆ ಸ್ಟೋರೇಜ್ ಡ್ರೈವರನ್ನೂ ಮೆಮೊರಿಗೆ ಎತ್ತಿಕೊಂಡು ಬರುತ್ತದೆ. ವಿಂಡೋಸ್‌ನಲ್ಲಿ ಹೀಗೆ ಬರುವವುಗಳಿಗೆ ಬೂಟ್-ಸ್ಟಾರ್ಟ್ ಡ್ರೈವರ್ ಎಂದು ಹೆಸರು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನಿಡುವ ರಿಜಿಸ್ಟ್ರಿಯಲ್ಲಿ ಅವುಗಳ ‘ಸ್ಟಾರ್ಟ್’ ಬೆಲೆ 0 ಎಂದಿರುತ್ತದೆ. ಲಿನಕ್ಸ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟಿನೊಳಗೆ ಅವು ಬರುತ್ತವೆ. ಸೆಟಪ್ ಮಾಧ್ಯಮವೂ ತನ್ನ ಜೊತೆ ಇಂಥ ಒಂದು ಕಂತೆ ಡ್ರೈವರ್‌ಗಳನ್ನು ಹೊತ್ತು ತಂದಿರುತ್ತದೆ. ನಿಮ್ಮ ಕಾರ್ಡಿನದು ಆ ಕಂತೆಯಲ್ಲಿ ಇಲ್ಲದಿದ್ದರೆ ಪಟ್ಟಿ ಖಾಲಿ.

ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರ್‌ಗೆ ಈ ಗೋಳು ಅಪರೂಪ, ಸರ್ವರ್‌ಗೆ ಮಾತ್ರ ಏಕೆ ಇಷ್ಟು? ಕಾರ್ಡ್‌ಗಳನ್ನು ಯಂತ್ರಕ್ಕೆ ಜೋಡಿಸುವ ಪಿಸಿಐ ಬಸ್ಸಿಗೆ ಕೂಡಿಸಿದ ಪ್ರತಿ ಸಾಧನವೂ ತಾನು ಯಾವ ವರ್ಗದ್ದು ಎಂದು ಒಂದು ಸಂಖ್ಯೆಯಲ್ಲಿ ಹೇಳಿಕೊಳ್ಳುತ್ತದೆ. ಸಾಟಾ ಡಿಸ್ಕ್‌ಗಳ ಎಎಚ್‌ಸಿಐ ಮಾನದಂಡ 2004ರಲ್ಲಿ ಬಂತು, ವೇಗದ ಎಸ್‌ಎಸ್‌ಡಿಗಳ ಎನ್‌ವಿಎಮ್‌ಇ 2011ರಲ್ಲಿ. ಈ ಎರಡು ವರ್ಗಗಳಲ್ಲಿ ಚಿಪ್ ಯಾರದಾದರೂ ಭಾಷೆ ಒಂದೇ. ಆದ್ದರಿಂದ ವಿಂಡೋಸ್‌ನಲ್ಲಿರುವ ಸಾಮಾನ್ಯ ಡ್ರೈವರ್‌ಗಳೇ ಸಾಕಾಗುತ್ತವೆ. ವಿಂಡೋಸ್ ಸರ್ವರ್ 2012 ಆರ್2ರಿಂದ ಎನ್‌ವಿಎಮ್‌ಇ ಡ್ರೈವರ್ ಒಳಗೇ ಇದೆ. ರೇಡ್ ಕಂಟ್ರೋಲರ್‌ಗಳಿಗೂ ಒಂದು ವರ್ಗಸಂಖ್ಯೆ ಇದೆ, ಆದರೆ ಅದರ ಹಿಂದೆ ಒಪ್ಪಿತ ಭಾಷೆ ಇಲ್ಲ. ನಾನು ರೇಡ್ ಎಂದು ಹೇಳಿ ಸುಮ್ಮನಾಗುತ್ತದೆ. ಎಲ್‌ಎಸ್‌ಐನ ಮೆಗಾರೇಡ್ ಕಾರ್ಡಿನ ಭಾಷೆ ಬೇರೆ, ಎಚ್‌ಪಿಯ ಸ್ಮಾರ್ಟ್ ಅರೇ ಕಾರ್ಡಿನ ಭಾಷೆ ಬೇರೆ. ಡೆಲ್‌ನ ಪರ್ಕ್ ಎಂದು ಹೆಸರಿದ್ದರೂ ಎಷ್ಟೋ ಮಾದರಿಗಳೊಳಗೆ ಇರುವುದು ಮೆಗಾರೇಡ್ ಚಿಪ್ಪೇ. ಮಾಧ್ಯಮ ಸಿದ್ಧವಾದ ಮೇಲೆ ಮಾರುಕಟ್ಟೆಗೆ ಬಂದ ಕಾರ್ಡ್ ಆದರಂತೂ ಅದರ ಗುರುತು ಸೆಟಪ್‌ಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ.

ಎನ್‌ವಿಎಮ್‌ಇ ಇದ್ದರೂ ಪಟ್ಟಿ ಖಾಲಿ ಬರುವ ಒಂದು ಸಂದರ್ಭವಿದೆ. ಇಂಟೆಲ್‌ನ ವಿಎಮ್‌ಡಿ ಎಂಬ ವ್ಯವಸ್ಥೆ ಎನ್‌ವಿಎಮ್‌ಇ ಡಿಸ್ಕ್‌ಗಳನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಳ್ಳುತ್ತದೆ. ವಿಎಮ್‌ಡಿಯ ಡ್ರೈವರ್ ಇಲ್ಲದೆ ಡಿಸ್ಕ್ ಕಣ್ಣಿಗೆ ಬೀಳುವುದಿಲ್ಲ. ಸರ್ವರ್‌ಗಳಲ್ಲಿ ಹುಟ್ಟಿದ ಈ ತಲೆನೋವು 11ನೇ ಪೀಳಿಗೆಯ ಪ್ರೊಸೆಸರ್‌ಗಳಿಂದ ಲ್ಯಾಪ್‌ಟಾಪ್‌ಗಳಿಗೂ ಹರಡಿತು. ಫರ್ಮ್‌ವೇರ್‌ನಲ್ಲಿ ವಿಎಮ್‌ಡಿಯನ್ನೇ ಆಫ್ ಮಾಡಿಬಿಡಿ ಎಂಬುದು ಸುಲಭದ ಸಲಹೆ. ಖಾಲಿ ಯಂತ್ರಕ್ಕೆ ನಡೆಯುತ್ತದೆ. ಆದರೆ ಅದರ ಮೇಲೆ ರೇಡ್ ಕಟ್ಟಿದ್ದರೆ, ಅಥವಾ ಆಗಲೇ ಒಂದು ಸಿಸ್ಟಮ್ ಕೂತಿದ್ದರೆ, ನಾನು ಆ ಸಲಹೆ ಕೊಡುವುದಿಲ್ಲ.

ಹಳಬರು ಇದನ್ನೆಲ್ಲ ‘ಎಫ್6’ ಎಂದೇ ಕರೆಯುತ್ತಾರೆ. ವಿಂಡೋಸ್ 2000 ಮತ್ತು ಸರ್ವರ್ 2003ರ ಕಾಲದಲ್ಲಿ ಸೆಟಪ್ ಶುರುವಾಗುತ್ತಿದ್ದುದು ನೀಲಿ ಪಠ್ಯಪರದೆಯಲ್ಲಿ. ತಳಭಾಗದಲ್ಲಿ ಕೆಲವೇ ಸೆಕೆಂಡು ಒಂದು ಸಾಲು ಮಿಂಚಿ ಮರೆಯಾಗುತ್ತಿತ್ತು: ಬೇರೆಯವರ ಸ್ಕಸಿ (ಡಿಸ್ಕ್ ಕೂಡಿಸುವ ಒಂದು ಬಗೆ) ಅಥವಾ ರೇಡ್ ಡ್ರೈವರ್ ಬೇಕಿದ್ದರೆ ಎಫ್6 ಒತ್ತಿ. ಒತ್ತಿದರೂ ಪರದೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ತಗುಲಿತೋ ಇಲ್ಲವೋ ಎಂದು ಇನ್ನೂ ನಾಲ್ಕು ಸಲ ಒತ್ತಿ, ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಆಮೇಲೆ ಕೇಳುತ್ತಿದ್ದುದು ಫ್ಲಾಪಿ, ‘ಎ’ ಡ್ರೈವಿನಲ್ಲಿ. ಸರ್ವರ್‌ನಲ್ಲಿ ಫ್ಲಾಪಿ ಡ್ರೈವ್ ಇಲ್ಲ ಎಂದರೆ ಅದನ್ನು ಕೇಳುವವರೇ ಇರಲಿಲ್ಲ. 1.44 ಎಂಬಿಯ ಒಂದು ತಟ್ಟೆಗಾಗಿ ಇಡೀ ದಿನ ಅಲೆದವರಿದ್ದಾರೆ. ಯುಎಸ್‌ಬಿ, ಸಿಡಿ, ಡಿವಿಡಿಗಳಿಂದ ಡ್ರೈವರ್ ಕೊಡುವ ಅನುಕೂಲ ಸರ್ವರ್ 2008ರಿಂದ ಬಂತು. ‘ಲೋಡ್ ಡ್ರೈವರ್’ ಗುಂಡಿ ಎಫ್6ನ ಮೊಮ್ಮಗ ಅನ್ನಬಹುದು.

ಈಗಿನ ಕಾಲದಲ್ಲಿ ಇದನ್ನು ಹತ್ತಿರದಿಂದ ನೋಡಲು ಭೌತಿಕ ಸರ್ವರ್ ಕೂಡ ಬೇಡ. ಲಿನಕ್ಸ್‌ನ ಕೆವಿಎಮ್ ಮೇಲೆ ಒಂದು ವರ್ಚುವಲ್ ಯಂತ್ರ (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್) ಮಾಡಿ, ಡಿಸ್ಕನ್ನು ಇಂಥ ಯಂತ್ರಗಳಿಗೆಂದೇ ಇರುವ ವರ್ಟ್‌ಐಒ ಸ್ಕಸಿ ಕಂಟ್ರೋಲರ್‌ಗೆ ಕೂಡಿಸಿ, ವಿಂಡೋಸ್ ಸರ್ವರ್ 2022 ಹಾಕಲು ಹೊರಡಿ. ಪಟ್ಟಿ ಖಾಲಿ ಬರುತ್ತದೆ. ವರ್ಟ್‌ಐಒ-ವಿನ್ ಎಂಬ ಐಎಸ್‌ಒ ಕಡತವನ್ನು ಎರಡನೆಯ ಸಿಡಿಯಾಗಿ ಕೂಡಿಸಿ, ‘ಲೋಡ್ ಡ್ರೈವರ್’ ಒತ್ತಿ, ‘ಬ್ರೌಸ್’ ಮಾಡಿದರೆ ಫೋಲ್ಡರ್‌ಗಳ ಉದ್ದ ಸಾಲು. ಮೊದಲ ಎಡವು ಇಲ್ಲೇ: ವಿಐಒಸ್ಟೋರ್ ಎಂಬುದೂ ಇದೆ, ವಿಐಒಸ್ಕಸಿ ಎಂಬುದೂ ಇದೆ. ಹೆಸರು ನೋಡಿದರೆ ಸ್ಟೋರೇಜ್‌ಗೆ ವಿಐಒಸ್ಟೋರ್ ಎನಿಸುತ್ತದೆ. ಆದರೆ ಅದು ವರ್ಟ್‌ಐಒ ಬ್ಲಾಕ್ ಸಾಧನಕ್ಕೆ. ನಾವು ಕೂಡಿಸಿದ ಸ್ಕಸಿ ಕಂಟ್ರೋಲರ್‌ಗೆ ಬೇಕಾದದ್ದು ವಿಐಒಸ್ಕಸಿ. ಅದರೊಳಗೆ 2ಕೆ22, ಅದರೊಳಗೆ ಎಎಮ್‌ಡಿ64. ನಮ್ಮದು ಇಂಟೆಲ್ ಪ್ರೊಸೆಸರ್, ಇದು ನಮಗಲ್ಲ ಎಂದು ಹಿಂದೆ ಸರಿಯಬೇಡಿ. 64 ಬಿಟ್‌ನ ಈ ವಿನ್ಯಾಸ ಮೊದಲು ರೂಪಿಸಿದ್ದು ಎಎಮ್‌ಡಿಯಾದ್ದರಿಂದ ಆ ಹೆಸರು ಉಳಿದಿದೆ, ಅಷ್ಟೇ. ಓಕೆ ಎಂದರೆ ‘ರೆಡ್ ಹ್ಯಾಟ್ ವರ್ಟ್‌ಐಒ ಸ್ಕಸಿ ಪಾಸ್-ಥ್ರೂ ಕಂಟ್ರೋಲರ್’ ಎಂಬ ಒಂದೇ ಸಾಲು ಮೂಡುತ್ತದೆ. ಅದನ್ನು ಆರಿಸಿ ಮುಂದೆ ಹೋದರೆ ನಾಲ್ಕಾರು ಸೆಕೆಂಡಿನಲ್ಲಿ ಖಾಲಿ ಚೌಕದಲ್ಲಿ ಡ್ರೈವ್ 0 ಪ್ರತ್ಯಕ್ಷ. ಎರಡನೆಯ ಸಿಡಿ ಕೂಡಿಸದೆ, ಇದ್ದ ಒಂದನ್ನೇ ಬದಲಿಸಿದವರಿಗೆ ಇನ್ನೊಂದು ಕೊಸರು ಇರುತ್ತದೆ: ಈ ಡ್ರೈವಿನಲ್ಲಿ ವಿಂಡೋಸ್ ಹಾಕಲಾಗದು ಎಂದು ಸೆಟಪ್ ಹಟ ಹಿಡಿಯುತ್ತದೆ. ವಿಂಡೋಸ್ ಸಿಡಿಯನ್ನು ಮರಳಿ ಕೂಡಿಸಿ ‘ರಿಫ್ರೆಶ್’ ಒತ್ತಿದರೆ ಹಟ ಇಳಿಯುತ್ತದೆ.

ಆ ಒಂದು ಸಾಲು ಮೂಡಿತಲ್ಲ, ಅದರ ಹಿಂದೆ ಒಂದು ಹೊಂದಾಣಿಕೆ ನಡೆದಿದೆ. ಡ್ರೈವರ್ ಎಂದರೆ ಸಾಮಾನ್ಯವಾಗಿ ಮೂರು ಕಡತಗಳ ಮೇಳ. ಎಸ್‌ವೈಎಸ್ ಕಡತ ನಿಜವಾದ ದುಭಾಷಿ. ಕ್ಯಾಟ್ ಕಡತ ಅದರ ಡಿಜಿಟಲ್ ಸಹಿ. ಐಎನ್‌ಎಫ್ ಕಡತ ಇದು ಯಾವ ಯಾವ ಸಾಧನಕ್ಕೆ ಹೊಂದುತ್ತದೆ ಎಂಬ ಪಟ್ಟಿ. ಪ್ರತಿ ಸಾಧನಕ್ಕೂ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆ ಇರುತ್ತವೆ. ಇಂಟೆಲ್‌ನ ಸಂಖ್ಯೆ 8086. ತಮ್ಮ ಹಳೆಯ ಪ್ರೊಸೆಸರಿನ ಹೆಸರನ್ನೇ ಇಟ್ಟುಕೊಂಡ ಚೇಷ್ಟೆ ಅದು. ಮೆಗಾರೇಡ್ ತಯಾರಿಸಿದ ಎಲ್‌ಎಸ್‌ಐನದು 1000. ಕಂಪನಿ ಕೈಬದಲಾಗಿ ಅವಾಗೊ ಆಗಿ, ಬ್ರಾಡ್‌ಕಾಮ್ ಆದರೂ ಸಂಖ್ಯೆ ಅದೇ. ಸೆಟಪ್ ಈ ಸಂಖ್ಯೆಗಳನ್ನು ಐಎನ್‌ಎಫ್‌ನ ಪಟ್ಟಿಗೆ ತಾಳೆ ಹಾಕುತ್ತದೆ. ಹೊಂದದವುಗಳನ್ನು ಮರೆಮಾಡು ಎಂಬ ಗುರುತು ಮೊದಲೇ ಹಾಕಿರುತ್ತದೆ. ಏನೂ ಕಾಣಲಿಲ್ಲವೆಂದರೆ ನೀವು ತಂದದ್ದು ಬೇರೆ ಕಾರ್ಡಿನ ಡ್ರೈವರ್. ಗುರುತು ತೆಗೆದು ಬಲವಂತವಾಗಿ ಹಾಕುವುದರಿಂದ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಸಾಧಾರಣ ತಪ್ಪು, ತಯಾರಕರ ತಾಣದಿಂದ ಇಳಿಸಿದ ಇಎಕ್ಸ್‌ಇ ಕಡತವನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿ ತರುವುದು. ಸೆಟಪ್‌ಗೆ ಅದು ಬೀಗ ಹಾಕಿದ ಪೆಟ್ಟಿಗೆ. ಬೇರೆ ಯಂತ್ರದಲ್ಲಿ ಬಿಚ್ಚಿ ಒಳಗಿನ ಐಎನ್‌ಎಫ್ ಕಾಣುವಂತೆ ತರಬೇಕು.

ಇಲ್ಲಿಯವರೆಗೆ ಆದದ್ದು ಅರ್ಧ ಕೆಲಸ. ಸೆಟಪ್‌ಗೆ ಡಿಸ್ಕ್ ಕಂಡಿತು, ಕಡತಗಳು ಇಳಿದವು, ಯಂತ್ರ ಮರುಚಾಲನೆಯಾಗುತ್ತದೆ. ಈಗ ಏಳುವುದು ಸೆಟಪ್ ಅಲ್ಲ, ಹೊಸದಾಗಿ ಕೂತ ಸಿಸ್ಟಮ್. ಅದಕ್ಕೂ ಅದೇ ಡ್ರೈವರ್ ಬೇಕು, ಅದೂ ಬೂಟ್-ಸ್ಟಾರ್ಟ್ ಆಗಿ. ‘ಲೋಡ್ ಡ್ರೈವರ್’ ಮೂಲಕ ಕೊಟ್ಟದ್ದನ್ನು ವಿಂಡೋಸ್ ಸೆಟಪ್ ತಾನೇ ಹೊಸ ಸಿಸ್ಟಮ್‌ಗೂ ದಾಟಿಸುತ್ತದೆ, ಆದ್ದರಿಂದ ಈ ಎರಡನೆಯ ಹೆಜ್ಜೆ ಯಾರ ಗಮನಕ್ಕೂ ಬರುವುದಿಲ್ಲ. ಅದು ತಪ್ಪಿದಾಗ ಮಾತ್ರ ನೀಲಿ ಪರದೆಯ ಮೇಲೆ ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’, ಸಂಖ್ಯೆ 7ಬಿ. ಓಡುತ್ತಿರುವ ಸಿಸ್ಟಮ್ಮಿನ ಡಿಸ್ಕನ್ನು ಬೇರೆ ಕಂಟ್ರೋಲರ್‌ಗೆ ಸಾಗಿಸಿದಾಗ, ಭೌತಿಕ ಸರ್ವರನ್ನು ವರ್ಚುವಲ್ ಆಗಿಸಿದಾಗ, ಫರ್ಮ್‌ವೇರ್‌ನಲ್ಲಿ ರೇಡ್ ಇದ್ದದ್ದನ್ನು ಎಎಚ್‌ಸಿಐ ಎಂದು ಬದಲಿಸಿದಾಗ ಬರುವುದೂ ಇದೇ 7ಬಿ. ಬೂಟ್ ಲೋಡರ್ ಎರವಲು ಕಣ್ಣಿನಿಂದ ಕರ್ನಲ್ ತಂದಿತು. ಕರ್ನಲ್ ಕಣ್ಣು ಬಿಟ್ಟಾಗ ತಾನು ಬಂದ ಡಿಸ್ಕೇ ಅದಕ್ಕೆ ಕಾಣಲಿಲ್ಲ.

ಲಿನಕ್ಸ್‌ನಲ್ಲಿ ಈ ಪ್ರಸಂಗ ಕಡಿಮೆ, ಏಕೆಂದರೆ ಮೆಗಾರೇಡ್‌ಎಸ್‌ಎಎಸ್, ಎಂಪಿಟಿ3ಎಸ್‌ಎಎಸ್, ಸ್ಮಾರ್ಟ್‌ಪಿಕ್ಯೂಐ ಮುಂತಾದ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಇಲ್ಲವೇ ಇಲ್ಲ ಎಂದಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ಹಳೆಯ ಹಲವು ಕಾರ್ಡ್‌ಗಳ ಗುರುತನ್ನು ಡ್ರೈವರ್‌ಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. 7ರಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಸರ್ವರ್‌ಗಳು 8ರ ಸೆಟಪ್‌ನಲ್ಲಿ ಡಿಸ್ಕ್ ಇಲ್ಲ ಎಂದು ನಿಂತವು. ಅಲ್ಲಿ ಇದಕ್ಕೆ ಡ್ರೈವರ್ ಅಪ್‌ಡೇಟ್ ಡಿಸ್ಕ್ ಎಂದು ಹೆಸರು. ಬೂಟ್ ಸಾಲಿಗೆ ‘ಇನ್ಸ್ಟ್ ಡಾಟ್ ಡಿಡಿ’ ಎಂಬ ಆಯ್ಕೆ ಸೇರಿಸಬೇಕು, ಇಲ್ಲವೇ ಪೆನ್‌ಡ್ರೈವಿಗೆ ಒಇಎಮ್‌ಡಿಆರ್‌ವಿ ಎಂಬ ಲೇಬಲ್ ಕೊಟ್ಟರೆ ಸೆಟಪ್ ತಾನೇ ಹುಡುಕಿಕೊಳ್ಳುತ್ತದೆ. 7ಬಿಯ ಸೋದರಸಂಬಂಧಿ ಅಲ್ಲೂ ಇದೆ: ಡ್ರೇಕಟ್ ಎಂಬ ಸಲಕರಣೆ ಸದ್ಯದ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಇನಿಟ್‌ರಾಮ್‌ಎಫ್‌ಎಸ್‌ಗೆ ಕಟ್ಟುತ್ತದೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಒಯ್ದರೆ ಆ ಯಂತ್ರ ತುರ್ತು ಶೆಲ್‌ಗೆ (ಬರೀ ಆಜ್ಞೆ ಕೇಳುವ ಪರದೆಗೆ) ಬಂದು ನಿಲ್ಲುತ್ತದೆ.

ಒಂದೇ ಬಗೆಯ ಹತ್ತಿಪ್ಪತ್ತು ಸರ್ವರ್ ಇದ್ದರೆ ಪ್ರತಿ ಸಲ ಗುಂಡಿ ಒತ್ತುವ ಉಪದ್ವ್ಯಾಪ ಬೇಡ. ಡಿಸ್ಮ್ ಎಂಬ ಸಲಕರಣೆಯಿಂದ ಡ್ರೈವರನ್ನು ಮಾಧ್ಯಮದೊಳಗೇ ಸೇರಿಸಬಹುದು. ಬೂಟ್ ವಿಮ್ ಕಡತಕ್ಕೂ ಇನ್‌ಸ್ಟಾಲ್ ವಿಮ್ ಕಡತಕ್ಕೂ, ಎರಡಕ್ಕೂ ಸೇರಿಸಬೇಕು. ಮೊದಲನೆಯದು ಸೆಟಪ್‌ನ ಕಣ್ಣು, ಎರಡನೆಯದು ಹೊಸ ಸಿಸ್ಟಮ್ಮಿನ ಕಣ್ಣು. ಬೂಟ್ ವಿಮ್‌ನಲ್ಲಿ ಎರಡು ಇಮೇಜ್‌ಗಳು (ಸಿಸ್ಟಮ್ಮಿನ ಪಡಿಯಚ್ಚುಗಳು) ಇರುತ್ತವೆ, ಸೆಟಪ್ ಓಡುವುದು ಎರಡನೆಯದರಿಂದ. ಮೊದಲನೆಯದಕ್ಕೆ ಮಾತ್ರ ಸೇರಿಸಿ, ಏಕೆ ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು.

ಡ್ರೈವರ್ ಯಾವ ತಕರಾರೂ ಇಲ್ಲದೆ ಲೋಡ್ ಆಗಿಯೂ ಪಟ್ಟಿ ಖಾಲಿಯೇ ಉಳಿಯುವುದುಂಟು. ರೇಡ್ ಕಾರ್ಡಿಗೆ ಕೂಡಿಸಿದ ಭೌತಿಕ ಡಿಸ್ಕ್‌ಗಳನ್ನು ಕಾರ್ಡ್ ನೇರವಾಗಿ ತೋರಿಸುವುದಿಲ್ಲ. ಅವುಗಳನ್ನು ಸೇರಿಸಿ ಕಟ್ಟಿದ ವರ್ಚುವಲ್ ಡಿಸ್ಕನ್ನು ಮಾತ್ರ ತೋರಿಸುತ್ತದೆ, ಡಿಸ್ಕ್‌ಗಳನ್ನು ಇದ್ದಂತೆಯೇ ತೋರಿಸುವ ಎಚ್‌ಬಿಎ ಬಗೆಗೆ ಕಾರ್ಡನ್ನು ಬದಲಿಸಿದ್ದರೆ ಮಾತು ಬೇರೆ. ಒಮ್ಮೆ ನಾನು ಒಂದೇ ಕಾರ್ಡಿನ ಡ್ರೈವರಿನ ಮೂರು ಆವೃತ್ತಿಗಳನ್ನು ಒಂದಾದ ಮೇಲೊಂದು ಹಾಕಿ, ಪ್ರತಿ ಸಲ ಮರುಚಾಲನೆ ಮಾಡಿ, ಅರ್ಧ ರಾತ್ರಿ ಕಳೆದೆ. ಶಿಫ್ಟ್ ಮತ್ತು ಎಫ್10 ಒತ್ತಿ ಕಪ್ಪು ಕಿಟಕಿ ತೆರೆದು, ಡಿಸ್ಕ್‌ಪಾರ್ಟ್‌ನಲ್ಲಿ ಪಟ್ಟಿ ಕೇಳಿದರೂ ಇದ್ದದ್ದು ನನ್ನ ಪೆನ್‌ಡ್ರೈವ್ ಒಂದೇ. ಕೊನೆಗೆ ಕಾರ್ಡಿನ ಸೆಟ್ಟಿಂಗ್ ಪರದೆಗೆ ಹೋದಾಗ ನಾಲ್ಕು ಡಿಸ್ಕ್‌ಗಳೂ ‘ಅನ್‌ಕಾನ್ಫಿಗರ್ಡ್ ಗುಡ್’ ಎಂಬ ಹೆಸರು ಹೊತ್ತು ಸುಮ್ಮನೆ ಕೂತಿದ್ದವು. ಸರಿಯಾದ ಡ್ರೈವರ್ ಮೊದಲ ಸಲವೇ ಲೋಡ್ ಆಗಿತ್ತು. ತೋರಿಸಲು ಅದರ ಬಳಿ ಏನೂ ಇರಲಿಲ್ಲ.