ಹೊಸ ರೀಫ್ ಟ್ಯಾಂಕ್: ನೀರು ಯಾವಾಗ ಬದಲಿಸಬೇಕು, ಎಷ್ಟು?

ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದವರು ಎರಡನೇ ವಾರಕ್ಕೇ ಕೇಳುತ್ತಾರೆ: "ನೀರು ಯಾವಾಗ ಬದಲಿಸಲಿ?" ನಾನು ಮೊದಲು ಅಮೋನಿಯಾ (ಕೊಳೆಯುವ ವಸ್ತು, ಮೀನಿನ ತ್ಯಾಜ್ಯಗಳಿಂದ ನೀರಿಗೆ ಸೇರುವ ವಿಷ) ಎಷ್ಟಿದೆ ಎಂದು ಕೇಳುತ್ತೇನೆ. ಹೆಚ್ಚಿನವರು ಅಳೆದಿರುವುದಿಲ್ಲ. ಗಾಜಿನ ಮೇಲೆ ಕಂದು ಪೊರೆ ಕಂಡಿರುತ್ತದೆ, ಗಾಬರಿಯಾಗಿರುತ್ತದೆ, ಬಕೆಟ್ ಆಗಲೇ ಕೈಯಲ್ಲಿರುತ್ತದೆ.

ಟ್ಯಾಂಕಿನಲ್ಲಿ ಇನ್ನೂ ಮೀನು, ಹವಳ ಬಿಟ್ಟಿಲ್ಲ ಅಂದರೆ ಆ ಬಕೆಟ್ ಕೆಳಗಿಡಿ. ಮೊದಲ ನಾಲ್ಕರಿಂದ ಆರು ವಾರ ಸಾಮಾನ್ಯವಾಗಿ ನೀರು ಬದಲಿಸುವ ಅಗತ್ಯ ಬರುವುದಿಲ್ಲ. ಆಗ ಟ್ಯಾಂಕಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ನೆಲೆಯೂರಬೇಕು. ಒಂದು ಬಗೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೀರು ತೆಗೆದರೆ ಬ್ಯಾಕ್ಟೀರಿಯಾ ಹೊರಟುಹೋಗುತ್ತವೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ, ಅವು ಹೆಚ್ಚಾಗಿ ಅಂಟಿಕೊಂಡಿರುವುದು ಕಲ್ಲಿಗೆ, ಮರಳಿಗೆ. ಬೇಡ ಎನ್ನಲು ನನ್ನ ಕಾರಣವೇ ಬೇರೆ. ಅವುಗಳ ಆಹಾರವೇ ಅಮೋನಿಯಾ. ಅದನ್ನು ದಿನ ಬಿಟ್ಟು ದಿನ ಹೊರಗೆ ಚೆಲ್ಲಿದರೆ ಅವು ಬೆಳೆಯುವುದೇ ನಿಧಾನವಾಗುತ್ತದೆ.

ಇದಕ್ಕೆ ಎರಡು ಅಪವಾದಗಳಿವೆ. ಸಮುದ್ರದಿಂದ ಬಂದ ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಕಲ್ಲು) ಹಾಕಿದ್ದೀರಿ, ಅದರ ಮೇಲಿನ ಜೀವಿಗಳು ಸತ್ತು ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ದಾಟುತ್ತಿದೆ ಅಂದರೆ ಒಂದಷ್ಟು ನೀರು ತೆಗೆಯಿರಿ. ಇಲ್ಲದಿದ್ದರೆ ಬದುಕಿರುವ ಜೀವಿಗಳೂ ಸಾಯುತ್ತವೆ. ಎರಡನೆಯದು, ಅವಸರದಲ್ಲಿ ಮೀನು ಬಿಟ್ಟಾಗಿದ್ದರೆ. ಆಗ ಬ್ಯಾಕ್ಟೀರಿಯಾದ ಯೋಚನೆ ಬಿಟ್ಟು ಮೀನನ್ನು ಉಳಿಸಬೇಕು. ಉಪ್ಪುನೀರಿನ ಪಿಎಚ್ 8.1ರಿಂದ 8.3ರಷ್ಟಿರುತ್ತದೆ. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಪರೀಕ್ಷೆಯಲ್ಲಿ ಅಮೋನಿಯಾ ಕಂಡರೆ ಅವತ್ತೇ ನೀರು ಬದಲಿಸಿ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ನೈಟ್ರೇಟ್ ನೋಡಿ. ಅದಕ್ಕೂ ಮೊದಲು ನೋಡಿ ಪ್ರಯೋಜನವಿಲ್ಲ. ನೀರಿನಲ್ಲಿ ನೈಟ್ರೈಟ್ ಇದ್ದರೆ ನೈಟ್ರೇಟ್ ಟೆಸ್ಟ್ ಕಿಟ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸುಮ್ನೆ ಹೆದರಿಕೆ. ನಿಜವಾಗಿಯೂ ನೈಟ್ರೇಟ್ ಏರಿದ್ದರೆ, ಮೊದಲ ಮೀನು ಬಿಡುವ ಮುಂಚೆ ಒಂದೇ ಸಲ ದೊಡ್ಡದಾಗಿ, ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬದಲಿಸಿ. ಇಷ್ಟು ನೀರನ್ನು ಧೈರ್ಯವಾಗಿ ತೆಗೆಯಬಹುದಾದ ಸಮಯ ಅದೊಂದೇ. ಒಳಗೆ ನೋಯುವ ಜೀವ ಇನ್ನೂ ಇರುವುದಿಲ್ಲ.

ಅಲ್ಲಿಂದ ಮುಂದೆ ವಾರಕ್ಕೆ ಹತ್ತು ಪರ್ಸೆಂಟ್. 200 ಲೀಟರ್ ಟ್ಯಾಂಕಾದರೆ 20 ಲೀಟರ್. ಇಷ್ಟರಲ್ಲಿ ನೈಟ್ರೇಟ್ ಹೋಗಿಬಿಡುತ್ತದೆ ಎಂದುಕೊಳ್ಳಬೇಡಿ, ಸ್ವಲ್ಪ ಲೆಕ್ಕ ಹಾಕಿ ನೋಡಿ. ನೀವು ಹಾಕುವ ಆಹಾರದಿಂದ ವಾರಕ್ಕೆ 2 ಪಿಪಿಎಂ ನೈಟ್ರೇಟ್ ಸೇರುತ್ತದೆ, ಬೇರೆ ಯಾವ ದಾರಿಯಲ್ಲೂ ಅದು ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ವಾರ ವಾರ ಹತ್ತು ಪರ್ಸೆಂಟ್ ಬದಲಿಸುತ್ತಿದ್ದರೂ ನೈಟ್ರೇಟ್ ಏರುತ್ತಾ ಹೋಗಿ 20 ಪಿಪಿಎಂ ಹತ್ತಿರ ನಿಲ್ಲುತ್ತದೆ. ಅಲ್ಲಿಗೆ ಬಂದಾಗ ನೀವು ತೆಗೆಯುವ ಹತ್ತು ಪರ್ಸೆಂಟ್ ನೀರಿನಲ್ಲಿ ಸರಿಯಾಗಿ ಆ ವಾರದ 2 ಪಿಪಿಎಂ ಹೊರಗೆ ಹೋಗುತ್ತದೆ. ಅದಕ್ಕಿಂತ ಕೆಳಗೆ ಬರುವುದಿಲ್ಲ. ಅದನ್ನು 10ಕ್ಕೆ ತರಲು ಎರಡರಷ್ಟು ನೀರು ಬದಲಿಸಬೇಕು, ಇಲ್ಲವೇ ಸೇರುವುದನ್ನು ಅರ್ಧಕ್ಕೆ ಇಳಿಸಬೇಕು. ಮೀನಿಗೆ ಹಾಕುವ ಆಹಾರದಲ್ಲಿ ಎಷ್ಟು ತಿನ್ನದೆ ತಳ ಸೇರುತ್ತಿದೆ ಎಂದು ಒಂದು ದಿನ ನಿಂತು ನೋಡಿ. ಬಕೆಟ್ ಹೊರುವುದಕ್ಕಿಂತ ಅದು ಸುಲಭ, ಅಲ್ವಾ?

ಹಾಗಾದರೆ ಒಂದೇ ಸಲ ಅರ್ಧ ನೀರು ತೆಗೆದರೆ ಏನಾಗುತ್ತದೆ? ಹವಳ ಇರುವ ಟ್ಯಾಂಕಿನಲ್ಲಿ ಇದನ್ನೇ ನಾನು ಬೇಡ ಎಂದು ಬೇಡಿಕೊಳ್ಳುವುದು. ನಾನು ನೋಡಿಕೊಳ್ಳುತ್ತಿದ್ದ ಒಂದು ಟ್ಯಾಂಕಿನಲ್ಲಿ ಪಾಚಿ ಬಂತು ಎಂದು ಅದರ ಮಾಲೀಕರು ಹಾಗೆ ಮಾಡಿದರು. ಟ್ಯಾಂಕಿನ ನೀರಿನ ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ; ಅದರ ಅಳತೆ ಡಿಕೆಎಚ್) 7.5 ಡಿಕೆಎಚ್ ಇತ್ತು. ಅವರು ಕಲಸಿದ ಹೊಸ ಉಪ್ಪುನೀರಿನದು 12. ಒಂದು ಗಂಟೆಯೊಳಗೆ ಟ್ಯಾಂಕ್ 7.5ರಿಂದ ಸುಮಾರು 9.8ಕ್ಕೆ ಜಿಗಿಯಿತು. ವಾರ ಕಳೆಯುವುದರೊಳಗೆ ಕವಲು ಕವಲಾಗಿದ್ದ ಗಟ್ಟಿ ಹವಳದ ತುದಿಗಳು ಬೆಳ್ಳಗಾದವು. ಪಾಚಿ ಮಾತ್ರ ಇದ್ದಲ್ಲೇ ಇತ್ತು. ಅದೇ ಹತ್ತು ಪರ್ಸೆಂಟ್ ಬದಲಿಸಿದ್ದರೆ 7.95 ಆಗುತ್ತಿತ್ತು, ಹವಳ ಅದನ್ನು ತಡೆದುಕೊಳ್ಳುತ್ತಿತ್ತು. 7 ಇರಲಿ, 9 ಇರಲಿ, ಹವಳ ಒಗ್ಗಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ದಿಢೀರನೆ ಹಾರಿದರೆ ಅದಕ್ಕೆ ಆಗುವುದಿಲ್ಲ. ಅದಕ್ಕೇ ಹೊಸ ನೀರನ್ನೂ ಪ್ರತಿ ಸಲ ಅಳೆಯಿರಿ.

ಆ ಪಾಚಿ ಏಕೆ ಹೋಗಲಿಲ್ಲ? ಹೊಸ ಟ್ಯಾಂಕಿನಲ್ಲಿ ಮೊದಲು ಬರುವ ಕಂದು ಪೊರೆ ಹೆಚ್ಚಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನಲ್ಲಿರುವ, ಮರಳು ಕಲ್ಲುಗಳಿಂದ ಬಿಡುವ ಸಿಲಿಕೇಟ್ ತಿಂದು ಬೆಳೆಯುತ್ತದೆ, ಅದು ಮುಗಿದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಹಸಿರು ಪಾಚಿಯ ಸರದಿ. ಕಲ್ಲು ಹೀರಿಕೊಂಡಿರುವ, ಪಾಚಿಗೆ ಆಹಾರವಾದ ಫಾಸ್ಫೇಟ್ ನಿಧಾನವಾಗಿ ನೀರಿಗೆ ಬಿಡುತ್ತಲೇ ಇರುತ್ತದೆ. ನೀವು ಬದಲಿಸುವುದು ನೀರನ್ನು, ಕಲ್ಲನ್ನಲ್ಲ. ಈ ಹಂತದಲ್ಲಿ ಕೈಯಿಂದ ಕಿತ್ತು ತೆಗೆಯುವುದು, ಪಾಚಿ ತಿನ್ನುವ ಬಸವನಹುಳು ಬಿಡುವುದು, ತಾಳ್ಮೆಯಿಂದಿರುವುದು, ಇವೇ ಕೆಲಸ ಮಾಡುವುದು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಆಗುವವರೆಗೆ ತೊಳೆಯುತ್ತಾ ಹೋಗಬೇಡಿ. ಅಂಥ ಬರಿದಾದ ನೀರಿನಲ್ಲೇ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಮೇಲುಗೈ ಪಡೆಯುವುದು. ಅದನ್ನು ಓಡಿಸುವುದು ಪಾಚಿ ಓಡಿಸುವುದಕ್ಕಿಂತ ಎಷ್ಟೋ ಕಷ್ಟ.

ಹೊಸ ನೀರಿನ ಬಗ್ಗೆಯೂ ಹೇಳಬೇಕು. ನಲ್ಲಿ ನೀರು ಬೇಡ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ ಆರ್‌ಓ ಡಿಐ ನೀರೇ, ಅಂದರೆ ಎಲ್ಲ ಲವಣಗಳನ್ನೂ ಸೋಸಿ ತೆಗೆದ ಶುದ್ಧ ನೀರೇ ಬೇಕು. ಉಪ್ಪನ್ನು ನೀರಿಗೆ ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಪಂಪ್ ಹಾಕಿ ಚೆನ್ನಾಗಿ ಕದಡಲಿ, ಹೀಟರ್ ಇಟ್ಟು ಟ್ಯಾಂಕಿನಷ್ಟೇ ಬೆಚ್ಚಗಾಗಲಿ. ಉಪ್ಪಿನಂಶ ಸಾವಿರಕ್ಕೆ 35 ಭಾಗ ಇರಲಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಸಾದಾ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಬಿಡುವುದಕ್ಕಿಂತ ಉಪ್ಪಿನಂಶ 35 ಎಂದು ಗೊತ್ತಿರುವ ದ್ರವದಲ್ಲೇ ಹೊಂದಿಸುವುದು ಒಳ್ಳೆಯದು.

ಇನ್ನೊಂದು ಗೊಂದಲ ಹೊಸಬರಲ್ಲಿ ಪದೇ ಪದೇ ಕಾಣುತ್ತೇನೆ. ಆವಿಯಾಗಿ ಕಡಿಮೆಯಾದ ನೀರಿಗೆ ಉಪ್ಪುನೀರು ಸುರಿಯುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿದಿರುತ್ತದೆ. ಅಲ್ಲಿಗೆ ಉಪ್ಪಿಲ್ಲದ ಆರ್‌ಓ ಡಿಐ ನೀರನ್ನೇ ಹಾಕಬೇಕು, ದಿನವೂ. ಇದು ನೀರು ಬದಲಿಸಿದ ಲೆಕ್ಕಕ್ಕೆ ಬರುವುದಿಲ್ಲ.

ಮೂರು ತಿಂಗಳು ವಾರ ವಾರದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನೈಟ್ರೇಟ್ 5ರ ಆಸುಪಾಸಿನಲ್ಲಿ ನಿಂತು, ಆಲ್ಕಲಿನಿಟಿಯೂ ಹೆಚ್ಚು ಏರಿಳಿಯದಿದ್ದರೆ ಎರಡು ವಾರಕ್ಕೊಮ್ಮೆ ನೀರು ಬದಲಿಸಿ ನೋಡಬಹುದು. ಗಟ್ಟಿ ಹವಳಗಳು ಬೆಳೆಯತೊಡಗಿ ಆಲ್ಕಲಿನಿಟಿ ವಾರದ ಮಧ್ಯದಲ್ಲೇ ಕುಸಿಯುತ್ತಿದ್ದರೆ, ನೀರು ಬದಲಿಸುವುದನ್ನು ಹೆಚ್ಚಿಸಬೇಡಿ. ಆಲ್ಕಲಿನಿಟಿ, ಕ್ಯಾಲ್ಸಿಯಂ ದ್ರಾವಣಗಳನ್ನು ದಿನವೂ ಸ್ವಲ್ಪ ಸ್ವಲ್ಪ ಹಾಕಲು ಶುರು ಮಾಡಿ.