ಬೆನ್ನುಹುರಿಯಲ್ಲಿ ನರ ಯಾಕೆ ಮತ್ತೆ ಬೆಳೆಯಲ್ಲ? ಸಕ್ಕರೆ ಸರಪಳಿಗಳ ಟಿಪ್ಪಣಿ

ಬೆನ್ನುಹುರಿಗೆ ಪೆಟ್ಟಾಗಿ ದಾವಣಗೆರೆಯ ಆಸ್ಪತ್ರೆಗೆ ಬರುವವರಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟದವರೂ ಇರುತ್ತಾರೆ. ಕೊನೆ ಕೀಳುವಾಗ ಮರದಿಂದ ಬಿದ್ದಿರುತ್ತಾರೆ. "ಕೈ ನರ ಕಟ್ಟಾದ್ರೆ ಹೊಲಿದು ಸರಿ ಮಾಡ್ತೀರಿ, ಬೆನ್ನಿನದು ಯಾಕೆ ಆಗಲ್ಲ?" ಅಂತ ಮನೆಯವರು ಕೇಳುತ್ತಾರೆ. ಫಿಸಿಯೋಥೆರಪಿ ಓದುವ ನಮಗೆ ಇದರ ಉತ್ತರ ಗೊತ್ತಿರಲೇಬೇಕು ಅಲ್ವಾ? ಉತ್ತರದ ಒಂದು ದೊಡ್ಡ ಭಾಗ ಸಕ್ಕರೆಯಲ್ಲಿದೆ.

ಗ್ಲೂಕೋಸ್ ಮಾತಲ್ಲ ಇದು. ಮಿದುಳು ದೇಹದ ತೂಕದಲ್ಲಿ ಸುಮಾರು 2% ಇದ್ದರೂ ಸುಮ್ನೆ ಕೂತಾಗಲೂ 20% ಶಕ್ತಿ ಬಳಸುತ್ತೆ, ಅದು ಇಂಧನದ ಲೆಕ್ಕ. ನಾನು ಹೇಳುತ್ತಿರುವ ಸಕ್ಕರೆಗಳು ಸರಪಳಿಯಾಗಿ ಪ್ರೋಟೀನಿಗೋ ಕೊಬ್ಬಿಗೋ ಅಂಟಿಕೊಂಡು, ನರಕೋಶದ ಮೈಮೇಲೆ ಮತ್ತು ಕೋಶಗಳ ನಡುವೆ ಇರುತ್ತವೆ. ಯಾವ ಕೋಶ ಯಾವುದಕ್ಕೆ ಅಂಟಬೇಕು, ನರತಂತು ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ಕೊಬ್ಬಿಗೆ ಅಂಟಿದ ಒಂದು ಗುಂಪು ಗ್ಯಾಂಗ್ಲಿಯೋಸೈಡ್. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಗಿಲಾನ್-ಬಾರೆ ಕಾಯಿಲೆ ಓದುವಾಗ ಇದು ಬೇಕು. ಕ್ಯಾಂಪಿಲೋಬ್ಯಾಕ್ಟರ್ ಎಂಬ ಬೇಧಿಯ ಬ್ಯಾಕ್ಟೀರಿಯಾದ ಹೊರಮೈ ಸಕ್ಕರೆ ನಮ್ಮ ನರದ ಗ್ಯಾಂಗ್ಲಿಯೋಸೈಡನ್ನೇ ಹೋಲಬಹುದು. ಆಗ ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ನರದ ಮೇಲೂ ಬೀಳುತ್ತವೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಈ ಕಾಯಿಲೆ ಒಮ್ಮೆಲೇ ಜಾಸ್ತಿಯಾದಾಗ ಕೆಲವು ರೋಗಿಗಳಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕಿತ್ತು.

ಈಗ ಮುಖ್ಯ ವಿಷಯ, ಕಾಂಡ್ರಾಯ್ಟಿನ್ ಸಲ್ಫೇಟ್. ಗ್ಲುಕುರೋನಿಕ್ ಆಮ್ಲ, ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್, ಈ ಎರಡೇ ಸಕ್ಕರೆಗಳು ಜೋಡಿಜೋಡಿಯಾಗಿ ಮುಂದುವರಿಯುತ್ತಾ ಹೋಗುತ್ತವೆ. ಅಲ್ಲಲ್ಲಿ ಸಲ್ಫೇಟ್ ಇರುವುದರಿಂದ ಸರಪಳಿಗೆ ಬಲವಾದ ಋಣ ಆವೇಶ. ನವಣೆ ತೆನೆಯ ಸುತ್ತ ಕೂದಲು ಎದ್ದು ನಿಂತಿರುತ್ತಲ್ಲ, ಹಾಗೆ ನಡುವಿನ ಪ್ರೋಟೀನಿನ ಸುತ್ತ ಈ ಸರಪಳಿಗಳು ನಿಂತಿರುತ್ತವೆ. ಅಗ್ರಿಕ್ಯಾನ್ ಎಂಬ ಪ್ರೋಟೀನಿನಲ್ಲಿ ಇಂಥವು ಸುಮಾರು 100 ಇರುತ್ತವೆ.

ಬೆನ್ನುಹುರಿಗೆ ಪೆಟ್ಟಾದರೆ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್‌ಗಳು ಮತ್ತು ಸುತ್ತಲಿನ ಬೇರೆ ಕೋಶಗಳು ಈ ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳಿರುವ ಪ್ರೋಟೀನುಗಳನ್ನು ಗಾಯದ ಸುತ್ತ ಸುರಿಯುತ್ತವೆ. ಗಾಯದ ಗಡಿ ಕಟ್ಟಿ ಉರಿಯೂತ ಹರಡದಂತೆ ತಡೆಯಲು ಹೀಗೆ ಆಗುವ ಕಲೆಯೂ (ಸ್ಕಾರ್) ಬೇಕು, ಅದನ್ನು ಬರೀ ಶತ್ರು ಅಂತ ಬರೆಯಬೇಡಿ. ಆದರೆ ಬೆಳೆಯುತ್ತಾ ಬಂದ ನರತಂತುವಿನ ತುದಿ ಇಲ್ಲಿಗೆ ಬಂದಾಗ ಊದಿಕೊಂಡು ನಿಂತುಬಿಡುತ್ತೆ. ತಂತುವಿನ ಮೇಲಿರುವ ಪಿಟಿಪಿ-ಸಿಗ್ಮಾ ಎಂಬ ಗ್ರಾಹಕ (ರಿಸೆಪ್ಟರ್) ಈ ಸಕ್ಕರೆಯನ್ನು ಹಿಡಿದು "ನಿಲ್ಲು" ಎಂಬ ಸಂದೇಶ ಕೊಡುತ್ತೆ. ಇದು ಗೊತ್ತಾದದ್ದು 2009ರಲ್ಲಿ. ಆದರೆ ಕೈಕಾಲಿನ ನರದಲ್ಲಿ ತಂತುವನ್ನು ಸುತ್ತುವರಿದಿರುವ ಶ್ವಾನ್ ಕೋಶಗಳು ದಾರಿ ಮಾಡಿಕೊಡುವುದರಿಂದ ತಂತು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತೆ.

ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಂಡ್ರಾಯ್ಟಿನ್ ಮಾತ್ರೆಯೂ ಇದೇ ಅಣು. ಅದನ್ನು ನುಂಗಿದರೆ ಬೆನ್ನುಹುರಿಗೆ ಒಳ್ಳೆಯದು ಅಂತ ರೋಗಿಗೆ ಯಾರೂ ಹೇಳಬೇಡಿ.

ಹಾಗಾದರೆ ಈ ಸರಪಳಿಯನ್ನೇ ಕತ್ತರಿಸಿದರೆ? ಪ್ರೋಟಿಯಸ್ ವಲ್ಗ್ಯಾರಿಸ್ ಬ್ಯಾಕ್ಟೀರಿಯಾದಲ್ಲಿ ಅದಕ್ಕೊಂದು ಕಿಣ್ವವಿದೆ, ಕಾಂಡ್ರಾಯ್ಟಿನೇಸ್ ಎಬಿಸಿ. 2002ರಲ್ಲಿ ಬೆನ್ನುಹುರಿ ಪೆಟ್ಟಾದ ಇಲಿಗಳಿಗೆ ಇದನ್ನು ಕೊಟ್ಟಾಗ ತಂತುಗಳು ಬೆಳೆದವು, ಇಲಿಗಳ ನಡಿಗೆಯೂ ಸುಧಾರಿಸಿತು. ದೇಹದ 37 ಡಿಗ್ರಿ ಶಾಖದಲ್ಲಿ ಕಿಣ್ವ ಬೇಗ ಶಕ್ತಿ ಕಳೆದುಕೊಳ್ಳುವುದು ದೊಡ್ಡ ತೊಡಕು. ಮನುಷ್ಯರಿಗೆ ಇದಿನ್ನೂ ಮಾಮೂಲಿ ಚಿಕಿತ್ಸೆಯಾಗಿಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು 2009ರ ಇನ್ನೊಂದು ಪ್ರಯೋಗ. ಕಿಣ್ವ ಕೊಟ್ಟ ಇಲಿಗಳಲ್ಲಿ ಕೆಲವಕ್ಕೆ ಮುಂಗಾಲಿನಿಂದ ಕಾಳು ಹಿಡಿಯುವ ಅಭ್ಯಾಸ ಮಾಡಿಸಿದರು. ಹಿಡಿತ ಚೆನ್ನಾಗಿ ಸುಧಾರಿಸಿತು. ಇನ್ನು ಕೆಲವಕ್ಕೆ ಸುಮ್ನೆ ಓಡಾಟ, ಹತ್ತಾಟ ಮಾಡಿಸಿದರು. ಅವುಗಳ ನಡಿಗೆ ಚೆನ್ನಾಯಿತು, ಹಿಡಿತ ಮಾತ್ರ ಇನ್ನೂ ಕೆಟ್ಟಿತು. ಸರಪಳಿ ಕತ್ತರಿಸಿದ ಮೇಲೆ ಯಾವ ವ್ಯಾಯಾಮ ಮಾಡಿಸುತ್ತೇವೆ ಅನ್ನುವುದರ ಮೇಲೆ ಯಾವ ಜೋಡಣೆ ಉಳಿಯುತ್ತೆ ಅನ್ನುವುದು ನಿಂತಿದೆ. ನ್ಯೂರೋ ಪೇಪರಿನಲ್ಲಿ ಪುನಶ್ಚೇತನದ ಪ್ರಶ್ನೆ ಬಂದರೆ ಈ ಪ್ರಯೋಗವನ್ನು ಬಿಡದೆ ಬರೆಯಿರಿ.